ಕ್ಯಾಪ್ಟನ್‌ರನ್ನು ಎಬ್ಬಿಸಬೇಕೋ ಬೇಡವೋ

ಮೇ 11, ಭಾನುವಾರ. ಸಂಜೆ 5

ಹಾಲು ತಂದೆ. ಬಿ.ಪಿ. ಗುಳಿಗೆ ನುಂಗಿದೆ. ಮೊಬೈಲಿನ ನಕ್ಷೆಯಲ್ಲಿ ಮಗಳ ಹಡಗು ಎಲ್ಲಿದೆ ನೋಡಿದೆ. ಮೊದಲು ಪೇಪರ್ ನೋಡುತ್ತಿದ್ದೆ, ಈಗ ಇದು. ನಾರ್ವೆ ಪಕ್ಕ ಒಂದು ಹಸಿರು ಬಾಣ. ಅದರೊಳಗೆ ನಾನೂರು ಪ್ರವಾಸಿಗರು, ಮತ್ತು ನನ್ನ ಗಗನ. ಥರ್ಡ್ ಆಫೀಸರ್. ಬೆಳಿಗ್ಗೆಯೂ ರಾತ್ರಿಯೂ ಎಂಟರಿಂದ ಹನ್ನೆರಡರವರೆಗೆ ಹಡಗಿನ ದಾರಿ ನೋಡುವವಳು ಅವಳೇ. ಉಪ್ಪಲ್ ರಿಂಗ್ ರೋಡ್ ದಾಟಲು ನನ್ನ ಅಂಗಿ ಹಿಡಿಯುತ್ತಿದ್ದವಳು! ವಾಟ್ ಎ ವರ್ಲ್ಡ್...

ಈಗಷ್ಟೇ ಫೋನ್ ಮಾಡಿದ್ದಳು. ದನಿ ಸಣ್ಣಗಿತ್ತು.

"ಅಪ್ಪಾ, ರಾತ್ರಿ ಭಾಳ ಮಂಜು ಬೀಳಾಕತ್ತೈತಿ. ಹಡಗದ ಮೂತಿನೂ ಕಾಣಂಗಿಲ್ಲ. ಡೌಟ್ ಬಂದ್ರ ಯಾವಾಗರ ನನ್ನ ಎಬ್ಬಸು ಅಂತ ಕ್ಯಾಪ್ಟನ್ ಬರದು ಸಹಿ ಮಾಡ್ಯಾರ. ಆದ್ರ ಮನಷ್ಯಾ ಭಾಳ ಕಡಕ್."

"ಅದು ಮಾತಿಗೆ ಅಂತಾರವ್ವಾ. ನಾವು ಬಾಗಲದಾಗ ನಿಂತು 'ಉಂಡು ಹೋಗ್ರಿ' ಅನ್ನಂಗಿಲ್ಲೇನು? ಅಂದ್ರಂತ ಯಾರರ ಕುಂತು ಉಣ್ತಾರ? ದೊಡ್ಡವ್ರ ನಿದ್ದಿ ಕೆಡಸಬ್ಯಾಡ."

"ಹೂಂ" ಅಂದಳು. ಹೂಂ ಅನ್ನುವುದರಲ್ಲಿ ಅವಳನ್ನು ಬಿಟ್ಟರಿಲ್ಲ. ಒಬಿಡಿಯನ್ಸ್ ಈಸ್ ದ ಮದರ್ ಆಫ್... ಬಿ.ಎ. ಎರಡನೇ ವರ್ಷದಲ್ಲಿ ಎಸ್ಸೇ ಬರೆದಿದ್ದೆ. ಯಾರ ಮದರ್ ಎನ್ನುವುದೇ ಮರೆತಿದೆ.

ಮೇ 13, ಮಂಗಳವಾರ. ರಾತ್ರಿ 9

ಅಕ್ಕ ಶರಣಬಸಮ್ಮ ಸುಲ್ತಾನ್ ಬಜಾರ್‌ಗೆ ಬಂದವಳು ಮನೆಗೂ ಬಂದಳು. ಗಗನಳಿಗೆ ಹೇಳಿದ ಬುದ್ಧಿಮಾತು ಹೇಳಿಕೊಂಡೆ. ಸ್ವಲ್ಪ ಹೆಮ್ಮೆಯಿಂದಲೇ.

"ಏ ಶ್ಯಾಣ್ಯಾ! ಹಡಗ ನಡಸಾಕಿ ಅಕಿ. ನೀ ಮೆಟ್ರೋದಾಗ ಉಲ್ಟಾ ಕಡಿ ಹತ್ತಾಂವ. ನಿನಗ್ಯಾಕ ಬೇಕಿತ್ತು?"

ನಕ್ಕೆ. ಅವಳು ನಗಲಿಲ್ಲ.

"ಶೋಭಾ ಹ್ವಾದ ರಾತ್ರಿ ನೆಪ್ಪೈತೇನು ತಮ್ಮಾ? ಆ ನರ್ಸ್ ಹುಡುಗಿ?"

ನೆನಪಿಲ್ಲದೆ ಏನು. ನನ್ನ ಹೆಂಡತಿಗೆ ಉಸಿರು ಸಿಗುತ್ತಿರಲಿಲ್ಲ. ದೊಡ್ಡ ಡಾಕ್ಟರು ಒಳಗೆ ಮಲಗಿದ್ದರು. "ಸಾಬ್ ಚಿಲ್ಲಾತೆ", ಸಾಹೇಬರು ಕೂಗಾಡುತ್ತಾರೆ, ಅಂದಳು ನರ್ಸ್. ಎಬ್ಬಿಸಲು ಹೆದರಿದಳು. ಬೆಳಗಾಗುವಷ್ಟರಲ್ಲಿ ಎಲ್ಲ ಮುಗಿದಿತ್ತು. ಮೂರು ವರ್ಷದಿಂದ ಆ ಹುಡುಗಿಗೆ ಶಾಪ ಹಾಕುತ್ತಿದ್ದೇನೆ. ಈಗ ನನ್ನ ಮಗಳನ್ನೇ ಆ ಹುಡುಗಿಯನ್ನಾಗಿ ಮಾಡಿಬಿಟ್ಟೆನಲ್ಲ.

ಮೆಸೇಜು ಹಾಕಿದೆ: ನಾ ಹೇಳಿದ್ದು ತಪ್ಪು. ಎಬ್ಬಸು. ಒದ್ದರ ಎಬ್ಬಸು.

ಒಂದೇ ಟಿಕ್.

ಮೇ 14. ಬೆಳಿಗ್ಗೆ 5

ಈಗಲೂ ಒಂದೇ ಟಿಕ್. ಹಸಿರು ಬಾಣ ನಿನ್ನೆ ಸಂಜೆ ಇದ್ದಲ್ಲೇ ಇದೆ. ಹಡಗು ನಿಂತಿದೆಯೋ, ಸಿಗ್ನಲ್ ನಿಂತಿದೆಯೋ — ಹೇಳುವವರಿಲ್ಲ. ಹೊರಗೆ ಈಗಲೇ ಸೆಕೆ. ಕಂಪನಿಯ ನಂಬರಿಗೆ ಫೋನ್ ಮಾಡಿದೆ. ಯಾವುದೋ ಹೆಣ್ಣುದನಿ ಇಂಗ್ಲಿಷ್ ಸುರಿಯಿತು. "ಮೈ ಡಾಟರ್... ಫಾಗ್..." ಅಂದೆ. ಮುಂದಿನದು ನಾಲಿಗೆಗೆ ಬರಲಿಲ್ಲ. ಇಟ್ಟುಬಿಟ್ಟೆ.

ಮೇ 16, ಶುಕ್ರವಾರ. ಬೆಳಿಗ್ಗೆ 11

ಗಗನ ಮಾತಾಡಿದಳು. ಇದ್ದಾಳೆ. ಇದ್ದಾಳೆ.

ನನ್ನ ಮೆಸೇಜು ತಡವಾಗಿ ಮುಟ್ಟಿತಂತೆ. ಅಷ್ಟರೊಳಗೆ ಆಗಿಹೋಗಿತ್ತು.

"ರಾಡಾರದಾಗ ಸಣ್ಣ ಚುಕ್ಕಿ ಕಂಡ್ತು ಅಪ್ಪಾ. ದೋಣಿನೋ, ತೆರಿನೋ ತಿಳಿಲಿಲ್ಲ. ತಡದೆ... ಆಮ್ಯಾಲ ತಡಕೊಳ್ಳಾಕ ಆಗಲಿಲ್ಲ, ಎಬ್ಬಸಿದೆ. ಕ್ಯಾಪ್ಟನ್ ಬನಿಯನ್ ಮ್ಯಾಲ ಓಡಿ ಬಂದು ಹಡಗ ತಿರುವಿಸಿದ್ರು. ಮೀನಿನ ದೋಣಿ. ಅದರಾಗಿನ ಮುದುಕನ ಮಾರಿ ಕಾಣ್ತು, ಅಷ್ಟ ಹತ್ರ."

"ಎಬ್ಬಸಿದ್ದಕ್ಕ ಬೈದ್ರೇನವ್ವಾ?"

"ಅದಕ್ಕ ಬೈಲಿಲ್ಲ. ಇಷ್ಟೊತ್ತು ಯಾಕ ತಡದಿ, ಹಿಂಗ ಕಾಯಾಕ ಯಾರು ಕಲಿಸಿದ್ರು ಅಂತ ಕೇಳಿದ್ರು."

ಆಮೇಲೆ ಅಂದಳು:

"ನಿನ್ನ ಹೆಸರು ಹೇಳಲಿಲ್ಲ ಅಪ್ಪಾ."

ಅತ್ತ ಯಾರೋ ಕರೆದರು. "ಇವತ್ತೂ ಮಂಜೈತಿ. ಡ್ಯೂಟಿಗೆ ಹೊಂಟೆ. ಇನ್ನೇನರ ಹೇಳೂದೈತೇನು?" ಅಂದಳು. ನನ್ನ ಮಾತಿಗೇ ಕಾಯುತ್ತಿದ್ದಳು, ಈಗಲೂ.

ಅವಳಿಗೆ ಹೇಳಬೇಕಿತ್ತು, ಇನ್ನು ಮುಂದೆ ಅಲ್ಲಿ ನಿಂತಾಗ ನಾನು ಹೇಳಿದ್ದನ್ನು ಕೇಳಬೇಡ ಅಂತ. ಹೇಳಿದೆ; "ಹೂಂ" ಅಂದಳು.