ಒಲೆಯ ಯಜಮಾನ, ಮದುವೆಯ ಯಜಮಾನ

ಸಿಂಧನೂರು, ಸೋಮವಾರ

ಅಕ್ಕನ ಮಗಳು ಚಿ. ಸೌ. ಅಂಜಲಿಗೆ,

ಫೋನಿನಲ್ಲಿ ಹೇಳಿದರೆ ನೀನು ನಡುವೆಯೇ ನಗುತ್ತೀ, ನನಗೆ ಹೇಳಬೇಕಾದದ್ದು ಮರೆಯುತ್ತದೆ. ಅದಕ್ಕೇ ಈ ಕಾಗದ.

ಮೊನ್ನೆ ನೀನು ಹೇಳಿದ್ದು ನನಗೆ ಅರ್ಧ ತಿಳಿದಿದೆ, ಯಾವ ಅರ್ಧವೆಂಬುದು ಮಾತ್ರ ತಿಳಿದಿಲ್ಲ. "ಮಾಮಾ, ಕಂಟೇನರ್ ಅಂದ್ರ ಕಂಪ್ಯೂಟರಿನೊಳಗ ಕಟ್ಟಿದ ಒಂದು ಖೋಲಿ. ಒಳಗ ಇರಾವ ತಾನೇ ಮಾಲೀಕ ಅನ್ಕೊಂಡಿರ್ತಾನ. ಹೊರಗ ಅವನ್ನ ಯಾರೂ ಕೇಳಂಗಿಲ್ಲ" ಅಂದಿ. ಒಳಗಿನ ಮಾಲೀಕನನ್ನು ಹುಡುಕುವ ಫಂಕ್ಷನ್ ಎಂಬ ಕೋಡಿನ ತುಣುಕಿಗೂ ಹೊರಗಿನವನನ್ನು ಹುಡುಕುವುದಕ್ಕೂ ಹೆಚ್ಚುಕಡಿಮೆ ಒಂದೇ ಹೆಸರಿತ್ತಂತೆ. ನೀನು ಎರಡಕ್ಕೂ ಬೇರೆ ಬೇರೆ ಹೆಸರಿಟ್ಟು ಕಳಿಸಿದೆ. ಇಂಥ ಬದಲಾವಣೆಗಳನ್ನು ನೋಡಿ ಒಪ್ಪುವ ಅಲ್ಲಿಯ ಹಿರಿಯರು, ಕೆಲಸ ಮೊದಲಿನಂತೆಯೇ ನಡೆಯುವಾಗ ಹೆಸರು ಯಾಕೆ ಬದಲಿಸಬೇಕು ಎಂದು ಕೇಳಿದರು. "ವಾಪಸ್ ತಗೊಂಡುಬಿಡ್ತೀನಿ ಮಾಮಾ" ಎಂದಾಗ ನಿನ್ನ ದನಿ ಸಣ್ಣದಾಗಿತ್ತು. ಮದುವೆಯಾದ ಮೇಲೆ ಬಿಟ್ಟಿದ್ದ ಕೆಲಸಕ್ಕೆ ಈಗ ಕೈಯಿಟ್ಟಿದ್ದೀ. ಇದೂ ಹೋದರೆ ಮತ್ತೆ ಕೂರುವುದಿಲ್ಲವೆಂದು ನನಗೆ ಭಯ.

ನಾನು ಲಾಭ ನಷ್ಟ ನೋಡುವವನು. ಏನೂ ಬದಲಾಗದ ಕೆಲಸಕ್ಕೆ ಯಾರು ಕೂಲಿ ಕೊಟ್ಟಾರು? ಹಿರಿಯರೇ ಸರಿ ಅಂದುಕೊಂಡು ಮಸ್ಕಿಯ ಮದುವೆಗೆ ಅಡುಗೆ ಮಾಡಿಸಲು ಹೋದೆ.

ಒಲೆಯ ಹತ್ತಿರ ನಮ್ಮ ಅಡುಗೆಯ ನರಸಣ್ಣನೇ ಯಜಮಾನ. ಪೆಂಡಾಲಿಗೆ ಬಂದರೆ ಅವನಿಗೆ ಕುರ್ಚಿಯೂ ಸಿಗದು, ಅಲ್ಲಿ ಹುಡುಗಿಯ ಅಪ್ಪನೇ ಯಜಮಾನ. ಬಡಿಸುವ ಗಿರಿಯಮ್ಮನಿಗೆ ನಾನು "ಯಜಮಾನ್ರನ್ನ ಕೇಳಿ ತುಪ್ಪ ಹಾಕವ್ವಾ" ಅಂದೆ. ಅವಳು ನೇರ ಹುಡುಗಿಯ ಅಪ್ಪನನ್ನು ಕೇಳಿದಳು. ಬೀಗರ ಮುಂದೆ ಅವರು ಇನ್ನೇನು ಹೇಳಿಯಾರು? "ಕೈ ಹಿಡೀಬ್ಯಾಡ, ಸುರುವು" ಅಂದರು. ತುಪ್ಪ ಮೊದಲ ಪಂಕ್ತಿಗೇ ಮುಗಿದು, ಎರಡನೇ ಪಂಕ್ತಿಗೆ ಒಣ ಹೋಳಿಗೆ. ನರಸಣ್ಣ ಸೌಟು ಹಿಡಿದೇ ಬಂದ: "ಯಾವ ಯಜಮಾನ ಅಂತ ಹೇಳಾಕ ನಿಮಗೇನು ಬ್ಯಾನಿ ಆಗಿತ್ರೀ ಪಂಪಣ್ಣ?"

ಮೂರನೇ ಪಂಕ್ತಿಯಿಂದ "ಒಲಿ ಯಜಮಾನ", "ಮದಿವಿ ಯಜಮಾನ" ಎಂದೇ ಕರೆದೆ. ಸಾರಿನ ರುಚಿ ಬದಲಾಗಲಿಲ್ಲ. ಗಿರಿಯಮ್ಮ ಮಾತ್ರ ಮತ್ತೆ ತಪ್ಪು ಮನುಷ್ಯನ ಹತ್ತಿರ ಹೋಗಲಿಲ್ಲ.

ನಿನ್ನ ಕೆಲಸವೂ ಇದೇನಾ? ನನಗೆ ಗೊತ್ತಿಲ್ಲವ್ವಾ. ಕಂಪ್ಯೂಟರಿನಲ್ಲಿ ಬೀಗರಿಲ್ಲ, ತುಪ್ಪವಿಲ್ಲ. ಇನ್ನೂ ತಲೆ ಕೆರೆದುಕೊಳ್ಳುತ್ತಿದ್ದೇನೆ. ಆದರೂ ವಾಪಸ್ ತಗೋಬೇಡ. ಆ ಹಿರಿಯರಿಗೆ ಇನ್ನೊಮ್ಮೆ ಬರೆ. ಬೇಕಾದರೆ ತುಪ್ಪದ ಕಥೆಯನ್ನೇ ಹೇಳು, ನನ್ನ ಹೆಸರು ಬಿಟ್ಟು.

ಕೊನೆಗೆ "ನಿನ್ನ ಮಾವ" ಎಂದು ಬರೆದು ಹೊಡೆದು ಹಾಕಿದೆ. ನೀನೀಗ ಇರುವ ಲಿಂಗಸುಗೂರಿನ ಮನೆಯಲ್ಲಿ ಮಾವ ಅಂದರೆ ನಿನ್ನ ಗಂಡನ ಅಪ್ಪ.

ನೀನಿಟ್ಟ ಹೆಸರು ನಿಲ್ಲಲಿ, ಮಗಳೇ.

ಇಂತಿ,
ನಿನ್ನ ಅವ್ವನ ತಮ್ಮ, ಸಿಂಧನೂರಿನ ಅಡುಗೆ ಕಾಂಟ್ರಾಕ್ಟರ್ ಪಂಪಾಪತಿ