ವ್ಯಾನ್ ಮನೆಗೆ ಮೊದಲ ಅತಿಥಿ

ಹಿರೇನಲ್ಲೂರು, ಜುಲೈ 2021

ಅಕ್ಕಾ,

ಲಾಕ್‌ಡೌನ್ ಆದಾಗಿನಿಂದ ನಮ್ಮ ವ್ಯಾನ್ ಮನೆ ಇಲ್ಲಿನ ತೆಂಗಿನ ತೋಟದಲ್ಲೇ ನಿಂತಿತ್ತಲ್ಲ. ತೋಟದ ಜಯಲಕ್ಷ್ಮಮ್ಮ ಸೋಂಕಿನ ಭಯಕ್ಕೆ ಸೊಪ್ಪು, ಎಳನೀರು ಬೇಲಿ ಹತ್ತಿರ ಇಟ್ಟು, ದೂರದಿಂದಲೇ ಕೂಗಿ ಹೋಗುತ್ತಿದ್ದರು. ಇವತ್ತು ಸೀದಾ ಒಳಗೇ ಹತ್ತಿಬಿಟ್ಟರು! "ಎರಡ್ನೇ ಸೂಜಿನೂ ಆಯ್ತು ಕಣವ್ವ, ಇನ್ನೇನ್ ಭಯ?" ಅಂದರು. ಒಲೆ, ಮಂಚ, ನಲ್ಲಿ ಎಲ್ಲ ಮುಟ್ಟಿ ನೋಡಿ, "ಎಲ್ಲಾ ಐತೆ, ಜಗಲಿ ಒಂದಿಲ್ಲ" ಅಂತ ನಕ್ಕು ನನ್ನ ಕೈ ಹಿಡಿದುಕೊಂಡರು. ಖುಷಿಗೆ ಅಳುವೇ ಬಂತು.

ಇಷ್ಟು ಹತ್ತಿರವಿದ್ದೂ ಅವರು ಕೆಮ್ಮಣ್ಣುಗುಂಡಿ ನೋಡಿಲ್ಲವಂತೆ. ದಾರಿ ತೆರೆದಿದೆ, ಕರೆದುಕೊಂಡು ಹೊರಟಿದ್ದೇವೆ.

ನಮ್ಮವರ ಸೊಂಟನೋವು ವಾಸಿಯಾಗಿದೆ, ಎಣ್ಣೆ ಕಳಿಸಬೇಡ. ಜಯಲಕ್ಷ್ಮಮ್ಮ ಆಗಲೇ ಮುಂದಿನ ಸೀಟಿನಲ್ಲಿ ಕೂತು, ಕೈಚಾಚಿ ಹಾರನ್ ಒತ್ತುತ್ತಿದ್ದಾರೆ!

ನಿನ್ನ ಸಂಗೀತಾ