ಕರೆಂಟ್ ಹೋದರೆ ಹೋಗುವ ಫೋನು

ಮಾರ್ಚ್ 4

ನಮ್ಮ ದೂರಸಂಪರ್ಕ ನಿಯಂತ್ರಣ ಮಂಡಳಿಯ ಆಫೀಸಿನ ಲಿಫ್ಟ್ ಇವತ್ತೂ ಕೆಟ್ಟಿದೆ. ಏದುಸಿರು ಬಿಡುತ್ತಾ ಮೇಲೆ ಬಂದರೆ ಮೇಜಿನ ಮೇಲೆ ಅದೇ ಕರಡು. ಹಳೆಯ ತಾಮ್ರದ ಫೋನ್ ಲೈನುಗಳನ್ನು ಕಿತ್ತು, ಎಲ್ಲ ಕರೆಗಳನ್ನೂ ಇಂಟರ್‌ನೆಟ್ ಮೇಲೆ ಹಾಯಿಸುವ ನಿಯಮಗಳು. ಎಂಟನೇ ಕಲಮು ನನ್ನದು.

ತಾಮ್ರದ ತಂತಿಗೆ ಕರೆಂಟ್ ಎಕ್ಸ್‌ಚೇಂಜಿನಿಂದಲೇ ಬರುತ್ತಿತ್ತು. ಮನೆಯಲ್ಲಿ ದೀಪ ಹೋದರೂ ಫೋನ್ ಸಾಯುತ್ತಿರಲಿಲ್ಲ. ಹೊಸ ಇಂಟರ್‌ನೆಟ್ ಫೋನಿನ ಡಬ್ಬಿಯ ಪ್ರಾಣ ಮನೆಯ ಪ್ಲಗ್ಗಿನಲ್ಲಿದೆ. ಅದಕ್ಕೇ ಬರೆದೆ — ಕಂಪನಿಯು ಬ್ಯಾಟರಿ ‘ಒದಗಿಸತಕ್ಕದ್ದು’. ಕರೆಂಟ್ ಇಲ್ಲದಿದ್ದರೂ ಅರ್ಧ ದಿನವಾದರೂ ತುರ್ತು ಕರೆ ಹೋಗಬೇಕು. ಬ್ಯಾಟರಿಯ ಪಿನ್ನು ಎಲ್ಲ ಕಂಪನಿಗಳದ್ದೂ ಒಂದೇ ಅಳತೆಯದ್ದಿರಬೇಕು.

ಇಷ್ಟಕ್ಕೆ ಒಂದು ವಾರ. ಅಲ್ಪವಿರಾಮಕ್ಕೂ ಜಗಳ.

ಸಂಜೆ

ಅಕ್ಕನ ಫೋನ್. ಅವಳು ಎರಡು ಮಾತಾಡುವಷ್ಟರಲ್ಲಿ ಭಾವ ಕಿತ್ತುಕೊಂಡರು. ಕಾಲೇಜಿನಲ್ಲಿ ಇತಿಹಾಸ ಪಾಠ ಮಾಡಿ ನಿವೃತ್ತರಾದವರು. ವಿದ್ಯಾರ್ಥಿಗಳು ಹೋದ ಮೇಲೆ ನಾನೇ ಸಿಕ್ಕಿರುವುದು. ಒಂದು ಯುದ್ಧ ಪೂರ್ತಿ ಮುಗಿಸಿಯೇ ಇಟ್ಟದ್ದು. ಹಿಂದಿನಿಂದ ಅಕ್ಕ, “ಅನ್ನ ಆರಿ ಹೋಯ್ತು, ಆ ರಾಜನ್ನ ಬೇಗ ಸಾಯಿಸ್ರೀ.”

ಮಾರ್ಚ್ 19

ಅಹವಾಲು ಸಭೆ. ಕಂಪನಿಗಳ ಪರವಾಗಿ ಒಬ್ಬರೇ ವಕೀಲರು. ನಮ್ಮ ಆಫೀಸಿನಲ್ಲಿ ಅವರಿಗೆ ಮುಗುಳ್ನಗೆ ಅಂತಲೇ ಹೆಸರು. ಬೈಯುವಾಗಲೂ ನಗುತ್ತಾರೆ.

“ಮೇಡಂ, ಈಗ ಎಲ್ಲರ ಕೈಯಲ್ಲೂ ಮೊಬೈಲ್ ಇದೆಯಲ್ಲ. ಬ್ಯಾಟರಿ ಯಾಕೆ?”

“ಸಿಗ್ನಲ್ ಸಿಗದ ಜಾಗಗಳಿವೆ. ನಮ್ಮಕ್ಕನ ಬೀದೀಲೇ ಇಲ್ಲ. ಗುಡ್ಡದ ಮರೆ. ಟೆರೇಸ್ ಹತ್ತಿ ಮಾತಾಡ್ತಾಳೆ.”

“ಅಕ್ಕನ ಬೀದಿಗೋಸ್ಕರ ದೇಶಕ್ಕೆಲ್ಲ ಕಾನೂನಾ ಮೇಡಂ?”

ಸಭೆ ನಕ್ಕಿತು. ನಾನೂ ನಕ್ಕೆ. ಯಾಕೆ ನಕ್ಕೆನೋ.

ಏಪ್ರಿಲ್ 2

‘ಒದಗಿಸತಕ್ಕದ್ದು’ ಹೋಯಿತು. ‘ಒದಗಿಸಬಹುದು’ ಬಂತು. ಪಿನ್ನಿನ ಮಾತು ಪೂರಾ ಮಾಯ. ಬದಲಿಗೆ ಒಂದು ಸ್ಟಿಕ್ಕರ್ — ‘ವಿದ್ಯುತ್ ಇಲ್ಲದಿದ್ದಾಗ ಈ ಸೇವೆ ದೊರೆಯುವುದಿಲ್ಲ.’ ಅದನ್ನು ಡಬ್ಬಿಗೆ ಅಂಟಿಸಿದರೆ ಕಂಪನಿಯ ಜವಾಬ್ದಾರಿ ತೀರಿತು.

ಅಧ್ಯಕ್ಷರ ಕೋಣೆಗೆ ಹೋದೆ. ಕೆಟ್ಟವರಲ್ಲ. ಕೂರಿಸಿ ಮಾತಾಡಿಸಿದರು.

“ನೀವು ಹೇಳೋದು ಸರಿ ಕಣಮ್ಮ. ಆದ್ರೆ ಅವರು ಕೋರ್ಟಿಗೆ ಹೋದ್ರೆ ಇಡೀ ನಿಯಮವೇ ನಿಂತು ಹೋಗುತ್ತೆ. ಈಗ ಇಷ್ಟು ಬರಲಿ. ಮುಂದೆ ತಿದ್ದುಪಡಿ ಮಾಡೋಣ.”

“ಮುಂದೆ ಅಂದ್ರೆ ಯಾವಾಗ ಸರ್?”

ಕಡತ ಮುಚ್ಚಿ ನನ್ನ ಕಡೆ ಸರಿಸಿದರು.

ನನ್ನ ಭಿನ್ನಾಭಿಪ್ರಾಯವನ್ನು ಕಡತದಲ್ಲಿ ಬರೆದೆ. ‘ನೋಡಲಾಗಿದೆ’ ಎಂದು ಸಹಿ ಬಿತ್ತು. ನೋಡಲಾಗಿದೆ...

ಮೇ 20

ಅಕ್ಕನ ಬೀದಿಯ ಸರದಿ. ತಾಮ್ರದ ತಂತಿ ಕತ್ತರಿಸಿ ಸುರುಳಿ ಸುತ್ತಿ ಒಯ್ದರಂತೆ. ಭಾವನಿಗೆ ಸಂಭ್ರಮ. “ನೀನು ಉಸಿರಾಡೋದೂ ಕೇಳಿಸ್ತಿದೆ ಕಣಮ್ಮ!” ಸ್ಟಿಕ್ಕರ್ ಓದಿದಿರಾ ಎಂದೆ. ಯಾವ ಸ್ಟಿಕ್ಕರ್? ಡಬ್ಬಿಯನ್ನು ಗೋಡೆಗೆ ಬಡಿದು ಹೋಗಿದ್ದಾರೆ. ಸ್ಟಿಕ್ಕರ್ ಅದರ ಬೆನ್ನಿಗಿದೆ.

ಮೇ 24

ಅಂಗಡಿಯಿಂದ ಒಳ್ಳೆಯ ಬ್ಯಾಟರಿಯೇ ತಗೊಂಡು ಹೋದೆ. ಪಿನ್ನು ಕೂರಲಿಲ್ಲ. ತಿರುಗಿಸಿ ಮುರುಗಿಸಿ ನೋಡಿದ್ದೂ ಆಯಿತು. ಈ ಡಬ್ಬಿಗೆ ಕಂಪನಿಯ ಬ್ಯಾಟರಿಯೇ ಆಗಬೇಕು. ಅವರ ಕಸ್ಟಮರ್ ಕೇರ್‌ಗೆ ಮಾಡಿದರೆ — “ಸದ್ಯಕ್ಕೆ ಸ್ಟಾಕ್ ಇಲ್ಲ ಮೇಡಂ, ಬಂದ ತಕ್ಷಣ ತಿಳಿಸ್ತೀವಿ.”

ಅಕ್ಕ ಕಾಫಿ ಕೊಡುತ್ತಾ, “ರೂಲ್ಸ್ ಬರೆಯೋಳು ನೀನೇ ಅಲ್ವೇನೇ? ಒಂದು ಮಾತು ಗದರಬಾರದಾ?”

ಕಾಫಿ ಚೆನ್ನಾಗಿದೆ ಎಂದೆ.

ಜೂನ್ 3

ಇವತ್ತೂ ಸ್ಟಾಕ್ ಇಲ್ಲ.

ಜೂನ್ 16

ಆಸ್ಪತ್ರೆ. ಭಾವ ಮಲಗಿದ್ದಾರೆ. ಅಕ್ಕ ಕುರ್ಚಿಯಲ್ಲೇ ತೂಕಡಿಸುತ್ತಿದ್ದಾಳೆ. ಈಗ ಬರೆಯದಿದ್ದರೆ ತಲೆ ಒಡೆದು ಹೋಗುತ್ತದೆ.

ಹೋದ ವಾರದ ಗಾಳಿಗೆ ಕರೆಂಟ್ ಲೈನಿನ ಮೇಲೆ ಮರ ಬಿತ್ತು. ಹಗಲು ಹೊತ್ತು. ಭಾವ ಏನೋ ಓದಿ ಹೇಳುತ್ತಿದ್ದವರು ಮಾತು ತಡವರಿಸಿದರಂತೆ. ತಮಾಷೆ ಅಂದುಕೊಂಡಳಂತೆ ಅಕ್ಕ. ತಿರುಗಿ ನೋಡಿದರೆ ಬಾಯಿ ಒಂದು ಕಡೆ ಸೊಟ್ಟಗಾಗಿತ್ತು.

“ಫೋನ್ ಎತ್ತಿದೆ ಕಣೇ. ಸದ್ದೇ ಇಲ್ಲ. ಇಟ್ಟು ಮತ್ತೆ ಎತ್ತಿದೆ. ಹುಚ್ಚಿ ಥರ ಎತ್ತೋದು ಇಡೋದು, ಎತ್ತೋದು ಇಡೋದು. ಟೆರೇಸಿಗೆ ಓಡಿದೆ, ಮೊಬೈಲಲ್ಲೂ ಒಂದು ಗೆರೆ ಇಲ್ಲ.”

ಟವರ್‌ಗೂ ಅದೇ ಕರೆಂಟು.

ಬರಿಗಾಲಲ್ಲಿ ಮೇನ್ ರೋಡಿಗೆ ಓಡಿ, ಪಾರ್ಸೆಲ್ ವ್ಯಾನೊಂದಕ್ಕೆ ಅಡ್ಡ ನಿಂತು ಕರೆತಂದಿದ್ದಾಳೆ. ಡಾಕ್ಟರು, “ಇನ್ನೂ ಸ್ವಲ್ಪ ಬೇಗ ಬಂದಿದ್ರೆ...” ಎಂದು ಅಕ್ಕನ ಮುಖ ನೋಡಿ ನಿಲ್ಲಿಸಿದರು. ಜೀವಕ್ಕೆ ಭಯವಿಲ್ಲ. ಬಲಗೈ ಬರಬಹುದು. ಮಾತು — ಹೇಳಲಾಗದು.

ಭಾವನ ಕಣ್ಣು ನನ್ನ ಮೇಲೇ ಇತ್ತು. ಗಂಟಲು ಆಡುತ್ತದೆ, ಮಾತು ಬರುವುದಿಲ್ಲ.

ಜುಲೈ 1

ಅಕ್ಕ ನಮ್ಮ ಆಫೀಸಿಗೇ ದೂರು ಕೊಟ್ಟಳು. ನಾನು ಬೇಡ ಅನ್ನಲಿಲ್ಲ. ಅಧ್ಯಕ್ಷರಿಗೆ ಸಂಬಂಧ ತಿಳಿಸಿದೆ. ದೂರನ್ನು ಪಕ್ಕದ ವಿಭಾಗಕ್ಕೆ ಕಳಿಸಿದರು. “ಹೇಗಿದ್ದಾರಮ್ಮ?” ಎಂದು ಕೇಳಿದರು. ನಿಜವಾಗಿಯೇ ಕೇಳಿದರು. ತಿದ್ದುಪಡಿಯ ಮಾತು ಎತ್ತಿದೆ. ಅವರ ಅವಧಿ ಮುಂದಿನ ತಿಂಗಳು ಮುಗಿಯುತ್ತದಂತೆ.

ಜುಲೈ 15

ಉತ್ತರ ಬಂತು. ಅಕ್ಕ ನನ್ನ ಕೈಗೇ ಕೊಟ್ಟು ಓದಿಸಿದಳು. ‘ಸ್ಟಿಕ್ಕರ್ ಅಂಟಿಸಿರುವುದು ಪರಿಶೀಲನೆಯಿಂದ ದೃಢಪಟ್ಟಿದೆ. ನಿಯಮದ ಉಲ್ಲಂಘನೆ ಕಂಡುಬಂದಿಲ್ಲ.’

“ಹಂಗಂದ್ರೇನೇ?”

“ಅವರದು ತಪ್ಪಿಲ್ಲ ಅಂತ.”

“ಮತ್ತೆ ಯಾರದು?”

ಯಾರದು... ಬರೆದವರು ತಪ್ಪಿಲ್ಲದೆ ಬರೆದಿದ್ದಾರೆ. ನಾನಿದ್ದರೂ ಇದೇ ಬರೆಯಬೇಕಿತ್ತು. ಅದನ್ನು ಅಕ್ಕನಿಗೆ ಹೇಳಿದೆ. ಅವಳು ಕೂಗಾಡಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಭಾವನ ಬಾಯಿ ಒರೆಸಲು ಎದ್ದು ಹೋದಳು.

ಜುಲೈ 29, ಸಂಜೆ

ತಂತಿ ಕೀಳಬೇಕಾದ ಮುಂದಿನ ಬೀದಿಗಳ ಆದೇಶ ಮೇಜಿಗೆ ಬಂದಿತ್ತು. ಗುಡ್ಡದ ಆಚೆ ಬದಿ ಪೂರ್ತಿ. ಬ್ಯಾಟರಿ ಸ್ಟಾಕ್ ಬರುವವರೆಗೆ ತಡೆಯಿರಿ ಎಂದು ಬರೆದು ವಾಪಸು ಕಳಿಸಿದೆ. ಮಧ್ಯಾಹ್ನದೊಳಗೆ ಬೇರೆಯವರ ಸಹಿಯಾಗಿ ಹೊರಟೂ ಹೋಯಿತು. ನನ್ನ ಟಿಪ್ಪಣಿಯನ್ನೂ ಜೊತೆಗಿಟ್ಟಿದ್ದಾರೆ. ಅಚ್ಚುಕಟ್ಟಾಗಿ, ಪಿನ್ ಹೊಡೆದು.

ಈಗ ಅಕ್ಕನ ಫೋನ್ ಬಂದಿತ್ತು. “ಮಧ್ಯಾಹ್ನದಿಂದ ಏನೋ ಹೇಳಕ್ಕೆ ನೋಡ್ತಿದ್ದಾರೆ ಕಣೇ. ನಂಗೆ ಗೊತ್ತಾಗ್ತಿಲ್ಲ. ನಿಂಗಾದ್ರೂ ಆಗುತ್ತಾ ನೋಡು.” ರಿಸೀವರನ್ನು ಅವರ ಬಾಯಿಗೆ ಹಿಡಿದಳು. ಉಸಿರು ಸ್ಪಷ್ಟ. ಆಮೇಲೆ ‘ಕ’ ಅಂದ ಹಾಗಾಯಿತು. ಕನ್ನಡಕವಾ ಭಾವ? ಕಿಟಕಿಯಾ? ಕಾಲು ನೋವಾ? ಒಂದೊಂದೇ ಕೇಳಿದೆ. ಪ್ರತಿ ಸಲವೂ ಅಕ್ಕ, “ಅಲ್ವಂತೆ, ತಲೆ ಆಡಿಸ್ತಿದ್ದಾರೆ.” ಅಷ್ಟರಲ್ಲಿ ಅವರು ಅಳತೊಡಗಿದರು. ಅಕ್ಕ ಇಟ್ಟುಬಿಟ್ಟಳು.

ಮತ್ತೆ ನಾನೇ ಮಾಡಿದೆ. ಹೋಗುತ್ತಿಲ್ಲ. ಅಲ್ಲಿ ಕರೆಂಟ್ ಹೋಯಿತೋ, ಅಕ್ಕ ಸರಿಯಾಗಿ ಇಡಲಿಲ್ಲವೋ... ಇನ್ನೊಂದು ಸಲ —